ಅಡಿಕೆ ಸಮ್ಮೇಳನಕ್ಕೆ ಬಂದವರು ಕಡಲಿಗೆ ಹೋದರು

“ನಿಮ್ಮ ಜನ ಎಲ್ಲಿ ಮಾರಾಯ್ರೆ? ನಾವು ಬೆಂಚುಗಳಿಗೆ ಭಾಷಣ ಮಾಡುವುದಾ?”

ಕಳೆದ ವಾರ ಮಂಗಳೂರಿನಲ್ಲಿ ನಡೆದ ಅಡಿಕೆ ವ್ಯಾಪಾರಿಗಳ ಸಮ್ಮೇಳನದಲ್ಲಿ ಸೆಕ್ರೆಟರಿಯವರು ನನ್ನನ್ನು ಹೀಗೆ ತರಾಟೆಗೆ ತೆಗೆದುಕೊಂಡರು. ಎರಡನೆಯ ದಿನ, ಬೆಳಗ್ಗೆ ಹತ್ತು ಗಂಟೆ. ಘಟ್ಟದ ಮೇಲಿನವರಿಗೆಂದು ಮೀಸಲಿಟ್ಟ ಬೆಂಚುಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ!

ಜವಾಬ್ದಾರಿ ನನ್ನದೇ. ನಾನು ಚನ್ನಗಿರಿಯವನು, ಇಲ್ಲಿಯ ಬಂದರಿನಲ್ಲಿ ಅಡಿಕೆ ಮಂಡಿ ಇಟ್ಟು ಹನ್ನೆರಡು ವರ್ಷವಾಯಿತು. (ಇದನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೋ, ಓದುಗರು ಕ್ಷಮಿಸಬೇಕು.) ಅದಕ್ಕೇ ಸ್ವಾಗತ ಕಮಿಟಿಯವರು “ನಿಮ್ಮ ಕಡೆಯವರನ್ನು ನೀವೇ ನೋಡಿಕೊಳ್ಳಿ” ಎಂದಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ ಮೂರು ಬಸ್ಸು ತುಂಬ ಜನ ಬಂದರು. ಇಳಿಸಿಕೊಂಡೆ, ಉಣ್ಣಿಸಿದೆ. ಕುಚ್ಚಲಕ್ಕಿ ಅನ್ನ ಗಂಟಲಿಗಿಳಿಯದವರಿಗೆ ಜೋಳದ ರೊಟ್ಟಿ ತಟ್ಟಿಸಿದೆ. ಇನ್ನೇನು ಬೇಕು?

ಕಡಲು ಬೇಕಿತ್ತು!

ಅವತ್ತೇ ಮಧ್ಯಾಹ್ನ ಒಂದು ಠರಾವು ಬರುವುದಿತ್ತು. ಘಟ್ಟದ ಮೇಲಿನವರು ಅಡಿಕೆ ಸರಿಯಾಗಿ ಒಣಗಿಸುವುದಿಲ್ಲ, ಬೊಂಬಾಯಿ ಮುಟ್ಟುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ, ಆದ್ದರಿಂದ ಅದಕ್ಕೆ ದರ ಇಳಿಸಬೇಕು ಅಂತ. ಎದುರು ಮಾತಾಡಬೇಕಾದವರೇ ಮಾಯ!

ಬಂದರಿನ ಧಕ್ಕೆಗೆ (ದೋಣಿಗಳಿಗೆ ಸರಕು ಏರಿಸುವ ಕಟ್ಟೆಗೆ) ಓಡಿದೆ. ನಮ್ಮವರೆಲ್ಲ ಅಲ್ಲೇ ಇದ್ದರು. ನಮ್ಮೂರಿನ ಹಿರಿಯ ಅಡಿಕೆ ವ್ಯಾಪಾರಿ ರೆಹಮಾನ್ ಸಾಬರು ಲುಂಗಿ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

“ಸಾಬ್ರೇ, ಅಲ್ಲಿ ಸಭೆ ನಡೀತೈತೆ, ನೀವು ಇಲ್ಲಿ ನೀರಾಟ ಆಡ್ತೀರಲ್ರೀ!”

“ನಲವತ್ತು ವರ್ಷ ಅಡಿಕೆ ಕಳಿಸೀನಿ ಶೆಟ್ರೇ. ಅದು ಹೆಂಗೆ ಹೋಗ್ತೈತೆ ಅಂತ ಒಂದ್ಸಲನಾರ ನೋಡಾಕೆ ಬ್ಯಾಡೇನ್ರೀ?” ಎಂದರು. ಆಮೇಲೆ ದನಿ ತಗ್ಗಿಸಿ, “ಇಲ್ಲಿ ಬರ್ರಿ. ಇದು ನಾನು ಕಳಿಸಿದ್ದೇ ಚೀಲ, ಬುಡ ಮುಟ್ಟಿ ನೋಡ್ರಿ.”

ಮುಟ್ಟಿದೆ. ಒದ್ದೆ. ಮಂಜಿಗೆ (ಸರಕಿನ ಹಾಯಿದೋಣಿಗೆ) ಏರಿಸಬೇಕಾದ ಚೀಲಗಳನ್ನು ಹಸಿ ನೆಲದ ಮೇಲೇ ಒಟ್ಟಿದ್ದರು. ಮಂಜಿ ತುಂಬುವ ತನಕ ಮೂರು ನಾಲ್ಕು ದಿನ ಹೀಗೇ ಬಿದ್ದಿರುತ್ತವೆ ಎಂದ ಹಮಾಲಿ. ಹನ್ನೆರಡು ವರ್ಷದಿಂದ ಅದೇ ದಾರಿಯಲ್ಲಿ ಓಡಾಡುವವನು ನಾನು. ಒಂದು ದಿನವಾದರೂ ಬಗ್ಗಿ ನೋಡಿದ್ದೆನೆ? ನಾಚಿಕೆಯಾಯಿತು.

ಮಧ್ಯಾಹ್ನ ಬೆಂಚುಗಳು ಭರ್ತಿ. ಠರಾವು ಓದಿ ಮುಗಿಸುತ್ತಲೇ ಸಾಬರು ಎದ್ದರು.

“ನಂಗೆ ಭಾಷಣ ಮಾಡಾಕೆ ಬರಲ್ರೀ. ಎರಡು ಅಡಿಕೆ ತಂದೀನಿ. ಇದು ಚೀಲದ ಮೇಲಿಂದು, ಇದು ಬುಡದ್ದು. ಎರಡೂ ಒಂದೇ ಕಣದಾಗೆ ಒಣಗಿದ್ದು, ಒಂದೇ ಚೀಲದಾಗೆ ಬಂದಿದ್ದು. ಅಧ್ಯಕ್ಷರು ಕಚ್ಚಿ ನೋಡ್ಲಿ.”

ಅಧ್ಯಕ್ಷರು ಕಚ್ಚಿದರು. ಮೊದಲನೆಯದು ಕಟಕ್ಕೆಂದಿತು. ಎರಡನೆಯದಕ್ಕೆ ಅವರು ಮುಖ ಕಿವುಚಿಕೊಂಡದ್ದನ್ನು ಕಂಡು ಸಭೆಯೇ ನಕ್ಕಿತು. “ಬುಡದ್ದು ಧಕ್ಕೆಯಲ್ಲಿ ಕೂತಿತ್ರೀ, ನೀರಿನ ಪಕ್ಕ” ಎಂದು ಸಾಬರು ಕುಳಿತರು.

ಠರಾವು ವಾಪಸಾಯಿತು. ಇನ್ನು ಮುಂದೆ ಧಕ್ಕೆಯಲ್ಲಿ ಚೀಲಗಳ ಕೆಳಗೆ ಹಲಗೆ ಹಾಸಬೇಕು, ಮೇಲೆ ತಾಡಪಾಲು ಹೊದಿಸಬೇಕು ಎಂದು ಹೊಸದೊಂದು ಪಾಸಾಯಿತು. ಬರೆದವರು ಅದೇ ಸೆಕ್ರೆಟರಿ. ಮರುದಿನ ಎಲ್ಲರನ್ನೂ ದೋಣಿ ಹತ್ತಿಸಿ ಕಡಲು ತೋರಿಸಿದವರೂ ಅವರೇ. ಹೆಂಡತಿಗೆ ತೋರಿಸಲೆಂದು ಸಾಬರು ಒಂದು ಸೀಸೆ ಉಪ್ಪುನೀರು ತುಂಬಿಕೊಂಡು ಬಸ್ಸು ಹತ್ತಿದರು.

ತಪ್ಪು ಯಾರದೆಂದು ಠರಾವು ಬರೆಯುವ ಮುನ್ನ ಕಮಿಟಿಯವರು ಒಮ್ಮೆ ಕಾಲು ಒದ್ದೆ ಮಾಡಿಕೊಂಡು ಬರಬಾರದೆ?