ಮುತ್ತಜ್ಜನ ಎಡೆಯಲ್ಲಿ ಬ್ರಾಂಡಿ

ಗೆಳೆಯರೇ, ನನ್ನ ಮಗು ನಿದ್ದೆ ಮಾಡುತ್ತಿಲ್ಲ. ಹಿರಿಯರು ಮುನಿದಿರಬೇಕೆಂದು ಇಂದು ಬಾಳೆಲೆ ಊರಿನ ನಮ್ಮ ಮನೆಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಮುತ್ತಜ್ಜನಿಗೆ ಎಡೆ ಇಟ್ಟರು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಕಾಡು ಕಡಿದು ನಮ್ಮ ಮೊದಲ ಗದ್ದೆ ಮಾಡಿದವರು ಅವರು. ಕೋಳಿ ಸಾರಿನ ಪಕ್ಕ ದೊಡ್ಡಪ್ಪ ಬ್ರಾಂಡಿಯ ಲೋಟ ಇಟ್ಟರು.

ಮುತ್ತಜ್ಜನ ಮೂಲ ಹುಡುಕುವಾಗ ಸಿಕ್ಕಿದ್ದ ಎಸ್ಟೇಟ್ ದೊರೆಯ ಹಳೆಯ ಪತ್ರವನ್ನು ನಾನು ಓದಿ ಹೇಳಿದೆ: "ಇವನು ಘಟ್ಟದ ಕೆಳಗಿನಿಂದ ಕೂಲಿಗೆ ಬಂದವನು. ಹೆಂಡ ಮುಟ್ಟುವುದಿಲ್ಲ. ಜಮೀನು ಕೊಡಬಹುದು."

"ಹಾಗಾದ್ರೆ ಇಷ್ಟು ವರ್ಷ ನಾವು ಇಟ್ಟದ್ದು?" ಎಂದರು ದೊಡ್ಡಪ್ಪ.

"ಎಡೆ ತೆಗೆದ ಮೇಲೆ ನೀವೇ ಕುಡೀತಿದ್ರಲ್ಲ! ಸುಮ್ನೆ ಕಾಫಿ ಇಡಿ," ಎಂದರು ದೊಡ್ಡಮ್ಮ.

ದೊಡ್ಡ ಲೋಟದ ತುಂಬ ಕಡು ಬೆಲ್ಲದ ಕಾಫಿ ಇಟ್ಟರು. ಮಗು ಇನ್ನೂ ಮಲಗಿಲ್ಲ. ಇನ್ನು ಮುತ್ತಜ್ಜನಿಗೂ ನಿದ್ದೆ ಬರಲಾರದು.