ವೇದಿಕೆ ಹತ್ತಿದ ಪಾಸ್ಟರು, ಒಪ್ಪದ ದಯಾಮಣಿ ಟೀಚರು

ರಾಜಾಜಿನಗರದ ಎರಡನೇ ಬ್ಲಾಕಿನಲ್ಲಿ ದಯಾಮಣಿ ಟೀಚರನ್ನು ಅರಿಯದವರು ಆಗ ಇರಲಿಲ್ಲ. ಎತ್ತರದ ಆಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ತಿಳಿಬಣ್ಣದ ಸೀರೆ, ಬಿಸಿಲಿರಲಿ ಮೋಡವಿರಲಿ ಕೈಯಲ್ಲೊಂದು ಕೊಡೆ. ಪ್ರೈಮರಿ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಅವರ ಕೈಯಲ್ಲಿ ಓದಿ ಮೀಸೆ ಬಂದ ಗಂಡಸರು ಕೂಡ ಅವರು ಎದುರಿಗೆ ಬಂದರೆ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಧೈರ್ಯ ಮಾಡಿ ಕೇಳಿದರೆ, "ಬಂದವರೆಲ್ಲ ನನ್ನನ್ನ ಬಿಟ್ಟು ನಮ್ಮಪ್ಪನ ಹತ್ತಿರ ಮಾತಾಡಿದ್ರು" ಅನ್ನುತ್ತಿದ್ದರು.

ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು, ಲೂಥರನ್ ಸಭೆಯ ಕಟ್ಟಾ ವಿಶ್ವಾಸಿ. ಮಗಳು ಟೀಚರ್ ಟ್ರೈನಿಂಗಿಗೆ ಅಂತ ಬೆಂಗಳೂರಿಗೆ ಬಂದವರು ಇಲ್ಲೇ ನೆಲೆಸಿದರು. ರಾಜಾಜಿನಗರಕ್ಕೆ ಇನ್ನೂ ಅರ್ಧ ರಸ್ತೆಗಳೇ ಇಲ್ಲದ ಕಾಲದಲ್ಲಿ, ಕಾರ್ಖಾನೆ ಕೆಲಸ ಹುಡುಕಿಕೊಂಡು ಬಂದ ಹತ್ತಾರು ಲೂಥರನ್ ಕುಟುಂಬಗಳು ಭಾನುವಾರ ಆರಾಧನೆಗೆ ಸೇರುತ್ತಿದ್ದುದು ಅವರ ಮನೆಯ ನಡುಕೋಣೆಯಲ್ಲಿ. ಆಮೇಲೆ ಕುರುಬರಹಳ್ಳಿಯ ಅಂಚಿನಲ್ಲಿ ಶೀಟಿನ ಮಾಡಿನ ಪುಟ್ಟ ಚರ್ಚು ಎದ್ದಿತು. ಇಟ್ಟಿಗೆ ಹೊತ್ತವರಲ್ಲಿ ದಯಾಮಣಿಯವರೂ ಒಬ್ಬರು. ಆದರೆ ಚರ್ಚಿನ ಸಭೆಯ ಆಡಳಿತ ಗಂಡಸರದ್ದು, ಹೆಂಗಸರಿಗೆ ಓಟಿರಲಿಲ್ಲ. "ಓಟಿಲ್ಲದಿದ್ದರೆ ಏನು, ಬಾಯಿದೆ" ಅಂತ ಅವರು ಹೇಳಿದರೆ ಹಿರಿಯರು ನಗುತ್ತಿದ್ದರು, ಸ್ವಲ್ಪ ಹೆದರಿಕೊಂಡೇ.

ಪಕ್ಕದ ಮನೆ ನೀಲಗಂಗಮ್ಮನವರದು. ಹೊಸಪೇಟೆ ಕಡೆಯ ಲಿಂಗಾಯತರು, ಗಂಡನಿಲ್ಲದ ಹೆಂಗಸು. ಮಗ ಜಂಬಣ್ಣನಿಗೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ಜೊತೆಗೆ ಬಂದವರು. ಬಂದ ಮೊದಲ ಹಬ್ಬಕ್ಕೇ ಹೋಳಿಗೆ ಹಿಡಿದು ಬಂದಾಗ ದಯಾಮಣಿ ಬಾಗಿಲಲ್ಲೇ ಹೇಳಿಬಿಟ್ಟಿದ್ದರು, "ನೋಡಿಮ್ಮ, ನೈವೇದ್ಯಕ್ಕೆ ಇಟ್ಟಿದ್ದು ನಾನು ತಿನ್ನಲ್ಲ. ಬೇಜಾರು ಮಾಡ್ಕೋಬೇಡಿ, ಮುಚ್ಚಿಟ್ಟು ಸುಳ್ಳು ಹೇಳೋದಕ್ಕಿಂತ ಹೇಳೋದೇ ವಾಸಿ." ನೀಲಗಂಗಮ್ಮ ಒಂದು ಗಳಿಗೆ ಕಣ್ಣರಳಿಸಿ ನೋಡಿ, ವಾಪಸು ಹೋಗಿ, ಪೂಜೆಗೆ ತೆಗೆದಿಡದೆ ಆಗಷ್ಟೇ ಬೇಯಿಸಿದ ಎರಡು ಹೋಳಿಗೆ ತಂದುಕೊಟ್ಟರು. ಅಲ್ಲಿಂದ ಇಬ್ಬರ ಸ್ನೇಹ ಗಟ್ಟಿಯಾಯಿತು.

ಎಪ್ಪತ್ತಮೂರನೇ ಇಸವಿ, ರಾಜ್ಯಕ್ಕೆ ಇನ್ನೂ ಕರ್ನಾಟಕ ಅಂತ ಹೆಸರು ಬಂದಿರಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಜಂಬಣ್ಣ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿಯಿತು. ಶಾಲೆಯ ಕಿಟಕಿಗಳು ಅದುರಿದವು. ಸತ್ತವರು ಮೂವರು: ಜಂಬಣ್ಣ, ಮೂಡಲಪಾಳ್ಯದ ಕೆಂಪಯ್ಯ, ಫಿಟ್ಟರ್ ಬಷೀರ್. ದಯಾಮಣಿ ಶಾಲೆಗೆ ಬೀಗ ಹಾಕಿಸಿ ನೇರ ನೀಲಗಂಗಮ್ಮನ ಮನೆಗೆ ಹೋದರು. ಮಗನ ಸಮಾಧಿ ಮುಗಿದು, ಊರಿನಿಂದ ಬಂದ ನೆಂಟರು ವಾಪಸು ಹೋದ ಮೇಲೂ ರಾತ್ರಿ ಹೊತ್ತು ಅಲ್ಲೇ ಮಲಗಿದರು.

ಬಡಾವಣೆಯ ಸಂಘದ ಕಾರ್ಯದರ್ಶಿ ಪುರುಷೋತ್ತಮ ಶಾಲೆಯ ಮೈದಾನದಲ್ಲಿ ಸರ್ವಧರ್ಮ ಪ್ರಾರ್ಥನಾ ಸಭೆ ಏರ್ಪಡಿಸಿದರು. ಮಠದ ಸ್ವಾಮಿಗಳು, ಒಬ್ಬ ಪುರೋಹಿತರು, ಮಸೀದಿಯ ಮೌಲ್ವಿ, ಜೊತೆಗೆ ಲೂಥರನ್ ಚರ್ಚಿನ ಪಾಸ್ಟರ್ ನೆಹೆಮೀಯ. ನೆಹೆಮೀಯರಿಗೆ ಮೂವತ್ತೈದರ ಆಸುಪಾಸು, ಮೃದು ಮಾತಿನವರು. ದಯಾಮಣಿ ನೀಲಗಂಗಮ್ಮನ ಕೈ ಹಿಡಿದು ಜನರ ನಡುವೆ ಕೂತಿದ್ದವರು, ತಮ್ಮ ಪಾಸ್ಟರು ಬಿಳಿ ನಿಲುವಂಗಿಯಲ್ಲಿ ವೇದಿಕೆ ಹತ್ತಿದ್ದನ್ನು ಕಂಡು ಬೆನ್ನು ನೆಟ್ಟಗೆ ಮಾಡಿದರು. ಎಲ್ಲರೂ ಸಾಲಾಗಿ ನಿಂತರು, ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಿದರು. ನೆಹೆಮೀಯ ತಮ್ಮ ಸರದಿ ಬಂದಾಗ ಯೇಸುವಿನ ಹೆಸರಿನಲ್ಲೇ ಪ್ರಾರ್ಥನೆ ಮಾಡಿ ಆಮೆನ್ ಅಂದರು. ದಯಾಮಣಿಯವರ ತುಟಿ ಅಲುಗಲಿಲ್ಲ.

ಭಾನುವಾರದವರೆಗೆ ಕಾಯುವ ಜಾಯಮಾನ ಅವರದಲ್ಲ. ಮರುದಿನ ಶಾಲೆ ಬಿಟ್ಟ ಕೂಡಲೇ ಪಾಸ್ಟರ ಮನೆಗೆ ಹೋದರು.

"ಅಯ್ಯನವರೇ, ನೀವು ಮಾಡಿದ್ದು ತಪ್ಪು. ಬೇರೆಯವರಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ."

"ಕೂತ್ಕೊಳ್ಳಿ ಟೀಚರ್. ನಾನು ಬೇರೆ ಯಾರ ಮಂತ್ರಕ್ಕೂ ಆಮೆನ್ ಹೇಳಲಿಲ್ಲ. ನಮ್ಮ ಕರ್ತನ ಹೆಸರಲ್ಲೇ ಪ್ರಾರ್ಥಿಸಿದೆ, ನೀವೇ ಕೇಳಿಸಿಕೊಂಡ್ರಿ."

"ನಾನು ಕೇಳಿಸಿಕೊಂಡೆ. ಅಲ್ಲಿದ್ದ ಜನ? ಸಾಲಾಗಿ ನಿಂತಿದ್ದನ್ನ ನೋಡಿ, ಎಲ್ಲಾ ಒಂದೇ ಅಂದ್ಕೊಂಡು ಮನೆಗೆ ಹೋದ್ರು. ಅದು ನಮ್ಮ ಮಟ್ಟಿಗೂ ಸುಳ್ಳು, ಸ್ವಾಮಿಗಳ ಮಟ್ಟಿಗೂ ಸುಳ್ಳು, ಮೌಲ್ವಿ ಸಾಹೇಬರ ಮಟ್ಟಿಗೂ ಸುಳ್ಳು. ಪ್ರಾರ್ಥನೆ ಅಂದ್ರೆ ಯಾರನ್ನ ನಂಬಿದೀವಿ ಅಂತ ಹೇಳೋದು. ಅದನ್ನ ಕಲಸಿಬಿಟ್ರೆ ಏನುಳೀತು?"

ನೆಹೆಮೀಯ ತಲೆ ತಗ್ಗಿಸಲಿಲ್ಲ. "ಮೂರು ಹೆಣ ಬಿದ್ದ ಬೀದಿಯವರು ಬಂದು ಕರೀತಾರೆ. ನಿಮ್ಮ ಪಕ್ಕ ನಿಲ್ಲಲ್ಲ ಅಂತ ನಾನು ಬಾಗಿಲು ಹಾಕ್ಕೊಂಡ್ರೆ, ನಾನು ಯಾರನ್ನ ನಂಬಿದೀನಿ ಅಂತ ಅವರಿಗೆ ಗೊತ್ತಾಗೋದು ಹೇಗೆ?"

"ಮನೆ ಮನೆಗೆ ಹೋಗಿ. ಬೇಡ ಅಂದವರು ಯಾರು?"

"ಮೂರು ಮನೆಗೂ ಹೋಗಿದ್ದೆ."

ಅದು ದಯಾಮಣಿಯವರಿಗೂ ಗೊತ್ತಿತ್ತು. ವಾದ ಬಹಳ ಹೊತ್ತು ನಡೆಯಿತು; ಇಬ್ಬರೂ ಒಂದಿಂಚು ಸರಿಯಲಿಲ್ಲ. ಪಾಸ್ಟರ ಹೆಂಡತಿ ತಂದಿಟ್ಟ ಕಾಫಿ ಆರಿ, ಎರಡನೇ ಸಲ ಬಿಸಿಯಾಗಿ ಬಂತು. ಹೊರಡುವಾಗ ನೆಹೆಮೀಯ ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ಹೇಳಬೇಕಾದ್ದು ಹೇಳಿಯಾಯಿತು ಅಂತ ದಯಾಮಣಿ ಹಗುರವಾಗಿ ಮನೆಗೆ ನಡೆದರು.

ಆದರೆ ಚರ್ಚಿನ ಸಭೆಯಲ್ಲಿ ಬೇರೆ ಕಡೆ ಬೆಂಕಿ ಹತ್ತಿಕೊಂಡಿತ್ತು. ಹಿರಿಯರಲ್ಲೊಬ್ಬರಾದ ಐಸಾಕ್ ಮುನಿರಾಜು, ಕಾರ್ಖಾನೆಯೊಂದರ ಸ್ಟೋರ್‌ಕೀಪರು, ಇನ್ನೂ ಕೆಲವರನ್ನು ಸೇರಿಸಿಕೊಂಡು, ಲೂಥರನ್ ಚರ್ಚುಗಳಿಗೆಲ್ಲ ಮೇಲಿನದಾದ ಮಹಾಸಭೆಯ ಅಧ್ಯಕ್ಷರಿಗೆ ದೂರು ಬರೆದರು: ಪಾಸ್ಟರು ಅನ್ಯರೊಂದಿಗೆ ಸಾರ್ವಜನಿಕವಾಗಿ ಪ್ರಾರ್ಥಿಸಿ ಸಭೆಯ ಉಪದೇಶ ಮುರಿದಿದ್ದಾರೆ, ಅವರನ್ನು ತೆಗೆದುಹಾಕಬೇಕು. ವಿಚಾರಣೆ ಮುಗಿಯುವ ತನಕ ನೆಹೆಮೀಯ ಆರಾಧನೆಯಲ್ಲಿ ಪ್ರಸಂಗ ಹೇಳಿ ಬೋಧಿಸಕೂಡದು, ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸ ಕೊಡಕೂಡದು ಅಂತ ಆಜ್ಞೆ ಬಂತು. ಭಾನುವಾರ ಅವರು ಹೆಂಡತಿಯ ಜೊತೆ ಕೊನೆಯ ಬೆಂಚಿನಲ್ಲಿ ಕೂತು, ಹೊರಗಿನಿಂದ ಬಂದ ಪಾಸ್ಟರ ಪ್ರಸಂಗ ಕೇಳಿದರು.

ಐಸಾಕ್ ಮುನಿರಾಜು ದಯಾಮಣಿಯವರ ಮನೆಗೇ ಬಂದರು. "ಟೀಚರ್, ಈ ವಿಷಯದಲ್ಲಿ ನಿಮಗಿಂತ ಗಟ್ಟಿಯಾದೋರು ಸಭೇಲಿ ಯಾರಿದಾರೆ? ವಿಚಾರಣೆಗೆ ಬರೋ ಕಮಿಟಿ ಮುಂದೆ ನೀವೇ ಸಾಕ್ಷಿ ಹೇಳಬೇಕು. ಹೆಂಗಸರಾದ್ರೂ ಪರವಾಗಿಲ್ಲ, ನಾನು ಕೇಳಿ ಒಪ್ಪಿಗೆ ತಗೊಂಡಿದೀನಿ."

"ಬರ್ತೀನಿ," ಅಂದರು ದಯಾಮಣಿ. "ಕಂಡಿದ್ದನ್ನ ಹೇಳ್ತೀನಿ."

ಮುನಿರಾಜು ಖುಷಿಯಾಗಿ ಹೋದರು.

ಸಂಜೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ನೀಲಗಂಗಮ್ಮ ಕೇಳಿದರು, "ನಿಮ್ಮ ಪಾಸ್ಟರನ್ನ ತೆಗೀತಾರಂತಲ್ರೀ, ಖರೇನ?"

"ವಿಚಾರಣೆ ಇದೆ."

"ಏನು ತಪ್ಪು ಮಾಡ್ಯಾರ?"

ದಯಾಮಣಿ ಮರೆಮಾಚದೆ ವಿವರಿಸಿದರು. ನೀಲಗಂಗಮ್ಮ ಕಾಳು ಬಿಡಿಸುತ್ತಲೇ ಕೇಳಿಸಿಕೊಂಡರು. ಆಮೇಲೆ ಅಂದರು, "ನಿಮ್ಮ ಮತದ ಮಾತು ನನಗೇನು ತಿಳೀತದ. ಸ್ವಾಮಿಗಳು ಚೆಂದ ಹೇಳಿದ್ರು, ಸಾಬರೂ ಚೆಂದ ಹೇಳಿದ್ರು. ಆದ್ರ ಅವತ್ತು ನಮ್ಮ ಜಂಬಣ್ಣನ ಹೆಸರು ತಗೊಂಡವರು ಅವರೊಬ್ರೇ. ಕೆಂಪಯ್ಯ, ಬಷೀರ್, ಜಂಬಣ್ಣ, ಮೂರೂ ಹೆಸರು ಹೇಳಿದ್ರು. ನನಗ ಅಷ್ಟ ನೆನಪೈತಿ."

ದಯಾಮಣಿಯವರಿಗೂ ಅದು ಕಿವಿಗೆ ಬಿದ್ದಿತ್ತು. ಸಿಟ್ಟಿನಲ್ಲಿ ಲಕ್ಷ್ಯ ಕೊಟ್ಟಿರಲಿಲ್ಲ. ಅಭಿಪ್ರಾಯ ಬದಲಾಗಲಿಲ್ಲ, ಆದರೆ ಆ ಮಾತು ಎದೆಯೊಳಗೆ ಒಂದು ಕಡೆ ಜಾಗ ಮಾಡಿಕೊಂಡು ಕೂತಿತು.

ಮಹಾಸಭೆಯಿಂದ ಮೂವರು ಹಿರಿಯ ಪಾಸ್ಟರುಗಳು ಬಂದರು. ಚರ್ಚಿನಲ್ಲಿ ಕಾಲಿಡಲು ಜಾಗವಿಲ್ಲ. ದೂರು ಓದಿದರು, ನೆಹೆಮೀಯ ತಮ್ಮ ಉತ್ತರ ಹೇಳಿದರು. ಆಮೇಲೆ ಮುನಿರಾಜು ಎದ್ದು, "ನಮ್ಮ ಸಭೆ ಹುಟ್ಟಿದ್ದೇ ಇವರ ಮನೇಲಿ" ಅಂತ ದಯಾಮಣಿಯವರನ್ನು ಮುಂದೆ ಕರೆದರು.

ದಯಾಮಣಿ ಕೊಡೆಯನ್ನು ಬೆಂಚಿನ ಮೇಲಿಟ್ಟು ನಿಂತರು.

"ಪಾಸ್ಟರು ವೇದಿಕೆ ಹತ್ತಿದ್ದು ನಿಜ. ಹತ್ತಬಾರದಿತ್ತು ಅನ್ನೋದು ನನ್ನ ನಂಬಿಕೆ, ಇವತ್ತಿಗೂ ಅದೇ."

ಮುನಿರಾಜು ಸುತ್ತ ನೋಡಿ ತಲೆಯಾಡಿಸಿದರು.

"ಮರುದಿನವೇ ಅವರ ಮನೆಗೆ ಹೋಗಿ ಮುಖಕ್ಕೆ ಹೇಳಿದೆ. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಆ ಜಗಳ ನಮ್ಮಿಬ್ಬರದು, ಅದು ಇನ್ನೂ ನಡೀತಾ ಇದೆ. ಈಗ ನಾನೊಂದು ಕೇಳ್ತೀನಿ. ತಪ್ಪು ಮಾಡಿದ ಸಹೋದರನನ್ನ ಮೊದಲು ಒಬ್ಬನೇ ಇರುವಾಗ ಕಂಡು ಹೇಳು, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು: ಇದು ಕರ್ತನೇ ಹೇಳಿಕೊಟ್ಟ ಕ್ರಮ. ಪ್ರತಿ ವರ್ಷ ನಿಮ್ಮ ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸ್ತೀನಿ. ಈ ದೂರಿಗೆ ಸಹಿ ಹಾಕಿದೋರಲ್ಲಿ ಯಾರು ಪಾಸ್ಟರ ಮನೆ ಮೆಟ್ಟಿಲು ಹತ್ತಿದ್ರಿ?"

ಸಹಿ ಹಾಕಿದವರು ಮುನಿರಾಜು ಕಡೆ ತಿರುಗಿದರು.

"ಉಪದೇಶ ಕಾಪಾಡೋದಕ್ಕೆ ಅಂತ ಹೊರಟು ನೀವು ಉಪದೇಶವನ್ನೇ ದಾಟಿದ್ರಿ. ಪಾಸ್ಟರದು ತಪ್ಪಾದ್ರೆ ಇದೂ ತಪ್ಪೇ. ಅವರನ್ನ ತೆಗೀಬೇಕಾದ್ರೆ ನನ್ನ ಮಾತನ್ನ ಅದಕ್ಕೆ ಬಳಸ್ಕೋಬೇಡಿ. ನಾನು ಕೊಡಲ್ಲ."

ಕೊಡೆ ತೆಗೆದುಕೊಂಡು ಬಂದು ಕೂತರು.

ಕಮಿಟಿಯ ಮೂವರಲ್ಲಿ ಹಿರಿಯರಾದವರು ಕನ್ನಡಕ ಒರೆಸಿಕೊಂಡು ಮುನಿರಾಜು ಕಡೆ ನೋಡಿದರು. ಮುನಿರಾಜು ಕೆಟ್ಟ ಮನುಷ್ಯನಲ್ಲ. ಮುಖ ಕೆಂಪಗಾಗಿತ್ತು. "ಹೋಗಿರಲಿಲ್ಲ ಸಾರ್," ಅಂತ ಒಪ್ಪಿಕೊಂಡರು. "ಹೋದ್ರೆ ಮಾತಲ್ಲಿ ನನ್ನನ್ನ ಸೋಲಿಸಿಬಿಡ್ತಾರೆ ಅಂತ ಹೋಗಲಿಲ್ಲ." ಕೆಲವರು ನಕ್ಕರು. ಹಿರಿಯರು ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ, ದೂರು ಕೊಟ್ಟವರು ಒಬ್ಬೊಬ್ಬರಾಗಿ ಹೋಗಿ ಪಾಸ್ಟರ ಜೊತೆ ಮಾತಾಡಿ ಬರಲಿ, ಆಮೇಲೆ ನೋಡೋಣ ಅಂದರು.

ಅವರು ಹೋದರು. ಮುನಿರಾಜು ಎರಡು ಸಲ ಹೋದರು. ಯಾರೂ ಪೂರ್ತಿ ಒಪ್ಪಿ ಬರಲಿಲ್ಲ, ಆದರೆ ಯಾರ ಮನೆಯೊಳಗೆ ಕೂತು ಮಾತಾಡಿ ಬಂದೆವೋ ಅವರನ್ನೇ ಹೊರಗೆ ಹಾಕಿ ಅನ್ನುವುದು ಅಷ್ಟು ಸುಲಭವಲ್ಲ. ಕೊನೆಗೆ ಮಹಾಸಭೆಯವರು ನೆಹೆಮೀಯರನ್ನು ಮತ್ತೆ ಪ್ರಸಂಗಪೀಠಕ್ಕೆ ಕಳಿಸಿದರು. ಸಭೆಯ ಮನಸ್ಸು ನೋಯಿಸಿದ್ದಕ್ಕೆ ಅವರು ಕ್ಷಮೆ ಕೇಳಿದರು, ಪ್ರಾರ್ಥಿಸಿದ್ದಕ್ಕೆ ಕೇಳಲಿಲ್ಲ. ಇನ್ನು ಮುಂದೆ ಇಂಥ ಕರೆ ಬಂದರೆ ಮೊದಲು ಸಭೆಯ ಮುಂದಿಟ್ಟು ಕೇಳಬೇಕು ಅನ್ನುವುದೊಂದು ಷರತ್ತಾಯಿತು.

ಕರೆ ಮುಂದಿನ ವರ್ಷವೇ ಬಂತು. ಬಾಯ್ಲರ್ ಸಿಡಿದ ದಿನವನ್ನು ನೆನೆಯಲು ಪುರುಷೋತ್ತಮ ಮತ್ತೆ ಪ್ರಾರ್ಥನಾ ಸಭೆ ಇಟ್ಟುಕೊಂಡಿದ್ದರು. ನೆಹೆಮೀಯ ಚರ್ಚಿನ ಸಭೆಯನ್ನು ಕೇಳಿದರು. ದಯಾಮಣಿ ಎದ್ದು ಬೇಡವೆಂದು ವಾದಿಸಿದರು, ಚೆನ್ನಾಗಿಯೇ ವಾದಿಸಿದರು. ಗಂಡಸರು ಕೈ ಎತ್ತಿದಾಗ ಹೋಗಲಿ ಅನ್ನುವ ಕೈಗಳೇ ಹೆಚ್ಚಿದ್ದವು.

"ಸರಿ," ಅಂದರು ದಯಾಮಣಿ. "ಸಭೆ ಕಳಿಸ್ತಾ ಇದೆ ಅಂದ್ಮೇಲೆ ಪಾಸ್ಟರು ಒಬ್ಬರೇ ಹೋಗೋದು ಬೇಡ. ನಾನೂ ಬರ್ತೀನಿ."

ಆ ಸಂಜೆ ಪಾಸ್ಟರ ಪಕ್ಕದಲ್ಲೇ ಮೈದಾನದವರೆಗೆ ನಡೆದರು. ವೇದಿಕೆಯ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿ, "ಹೋದ ಸಲ ಮೈಕಿಗೆ ತೀರಾ ಹತ್ತಿರ ನಿಂತಿದ್ರಿ, ಗೊರಗೊರ ಅಂತಿತ್ತು. ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳಿ" ಅಂತ ಹೇಳಿ, ಮೊದಲ ಸಾಲಿನಲ್ಲಿ ನೀಲಗಂಗಮ್ಮನ ಪಕ್ಕ ಕೂತರು. ಸ್ವಾಮಿಗಳ ವಚನ, ಪುರೋಹಿತರ ಶ್ಲೋಕ, ಮೌಲ್ವಿಯವರ ದುವಾ ಎಲ್ಲವನ್ನೂ ಮರ್ಯಾದೆಯಿಂದ, ಬಾಯಿ ಮುಚ್ಚಿಕೊಂಡು ಕೇಳಿದರು. ನೆಹೆಮೀಯ ಮೂರು ಹೆಸರು ಹೇಳಿ ಪ್ರಾರ್ಥನೆ ಮುಗಿಸಿದಾಗ ಇಡೀ ಮೈದಾನಕ್ಕೆ ಕೇಳುವಂತೆ "ಆಮೆನ್" ಅಂದರು.

ನೀಲಗಂಗಮ್ಮ ಮೆಲ್ಲಗೆ ಕೇಳಿದರು, "ಉಳಿದವರಿಗ್ಯಾಕ ಅನ್ನಲಿಲ್ರೀ?"

"ಅವು ನನ್ನ ಪ್ರಾರ್ಥನೆ ಅಲ್ಲ."

"ಹಂಗಾರ ನಾನು ನಿಮ್ಮದಕ್ಕ ಅನ್ನಬಾರದೇನು?"

"ಮನಸ್ಸಿಗೆ ಬಂದ್ರೆ ಅನ್ನಿ, ಇಲ್ಲದಿದ್ರೆ ಬೇಡ. ಸುಮ್ಮಸುಮ್ಮನೆ ಅನ್ನಬೇಡಿ."

ನೀಲಗಂಗಮ್ಮ ಯೋಚಿಸಿ, ಅನ್ನಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಗೆಳತಿಯ ಕೈ ಹಿಡಿದು ಕೂತರು.

ಕೆಲವು ವರ್ಷಗಳ ಮೇಲೆ ಆ ಸಭೆಯಲ್ಲಿ ಹೆಂಗಸರಿಗೂ ಓಟು ಬಂತು. ಮೈದಾನದ ಪ್ರಾರ್ಥನೆಗೆ ಕರೆ ಬಂದಾಗ ದಯಾಮಣಿ ಟೀಚರ್ ಪ್ರತಿ ಸಲವೂ ವಿರೋಧವಾಗಿಯೇ ಕೈ ಎತ್ತಿದರು. ಕೆಲವು ಸಲ ಗೆದ್ದರು, ಹಲವು ಸಲ ಸೋತರು. ಸೋತಾಗಲೆಲ್ಲ ಪಾಸ್ಟರ ಜೊತೆ ಹೋಗಿ ಮೊದಲ ಸಾಲಿನಲ್ಲಿ ಕೂತರು.