ಕಾರಿನ ಮೂತಿಗೆ ಒಡೆದ ಕಾಯಿ

ಕೊಪ್ಪಳದ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ನಮ್ಮ ವಿದ್ಯಾರ್ಥಿಗಳು ಸ್ಪರ್ಧೆಗೆಂದು ಒಂದು ಪುಟ್ಟ ರೇಸ್ ಕಾರು ಕಟ್ಟಿದರು. ಅದರ ಮೂತಿ ಮಾತ್ರ ಕಾರ್ಬನ್ ಫೈಬರಿನದು. ಕೂದಲಿಗಿಂತ ಸಣ್ಣ ಎಳೆಗಳ ಕರಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಟು ಕುಡಿಸಿ ಒಣಗಿಸಿದ್ದೆವು. ಅದರ ಹಿಂದೆ ಕಾಲು ಚಾಚಿ ಕೂತು ಓಡಿಸಬೇಕಾದವಳು ಅಳವಂಡಿಯ ಹುಡುಗಿ, ಕೊನೆಯ ವರ್ಷದವಳು. ಕಾರು ಎಲ್ಲಿಗಾದರೂ ಗುದ್ದಿದರೆ ಮೂತಿ ಪುಡಿಪುಡಿಯಾಗಿ ಪೆಟ್ಟನ್ನು ತಾನೇ ನುಂಗಬೇಕು, ಅವಳ ಕಾಲು ಉಳಿಯಬೇಕು. ಅದು ಭದ್ರವಾಗಿದೆ ಎಂದು ಸಹಿ ಹಾಕಬೇಕಾದವನು ನಾನು.

ಹೊಸ ಗಾಡಿ ಅಂದಮೇಲೆ ಪೂಜೆ ಆಗಲೇಬೇಕು. ಚಕ್ರದಡಿ ನಿಂಬೆಹಣ್ಣು ಇಟ್ಟರು, ಮೂತಿಗೆ ಕುಂಕುಮ ಹಚ್ಚಿದರು. ಜವಾನ ಕಾಯಿ ಒಡೆಯಲು ಕಲ್ಲು ಹುಡುಕುತ್ತಿದ್ದ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! ಇದು ಉಕ್ಕಿಗಿಂತ ಗಟ್ಟಿ, ಕಲ್ಲು ಯಾಕೆ, ಇದರ ಮೇಲೇ ಒಡಿ ಎಂದುಬಿಟ್ಟೆ. ಅವನು ಮೂತಿಗೆ ಕೈಮುಗಿದು ಕುಂಕುಮದ ಪಕ್ಕಕ್ಕೇ ಕುಕ್ಕಿದ. ಕಾಯಿ ಒಡೆಯಲಿಲ್ಲ. ಮೂರನೆಯ ಪೆಟ್ಟಿಗೆ ಎರಡು ಹೋಳಾಯಿತು. ಮೂತಿಯ ಮೇಲೆ ಒಂದು ಗೀರೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾರ್ಬನ್ನನ್ನು ನಾನೇ ಹೆತ್ತವನಂತೆ ಬೀಗಿದೆ.

ಕ್ಯಾಂಟೀನಿನ ಅಮ್ಮ ಮೊದಲು ಯಲಬುರ್ಗಾ ಬಸ್ ನಿಲ್ದಾಣದ ಮುಂದೆ ಕಾಯಿ ಮಾರಿದವರು. ಬಡಿದು ನೋಡುವ ರೂಢಿ ಕೈಬಿಟ್ಟಿರಲಿಲ್ಲ. ಕೊಬ್ಬರಿ ಚೂರು ಹಂಚುತ್ತ ಬಂದವರು ಮೂತಿಯನ್ನೂ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದರು. ಟಣ್, ಟಣ್, ಟಣ್. ಕುಂಕುಮದ ಹತ್ತಿರ ಬಂದಾಗ, ಡಬ್.

"ಸರ, ಇಲ್ಲಿ ಒಳಗ ಬಿಟ್ಟೈತಿ ನೋಡ್ರಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. ನೀನು ಅನ್ನ ಸಾರು ನೋಡಿಕೊ, ಇದು ಫಿಸಿಕ್ಸು ಎಂದು ಗದರಿದೆ. ಅವರು ನನಗೂ ಒಂದು ಚೂರು ಕೊಟ್ಟು ಹೋದರು.

ಅದನ್ನು ಅಗಿಯುವಾಗ ಫಿಸಿಕ್ಸು ನೆನಪಾಯಿತು. ಎಳೆಯನ್ನು ಉದ್ದಕ್ಕೆ ಜಗ್ಗಿದರೆ ಹರಿಯುವುದಿಲ್ಲ, ನಿಜ. ಆದರೆ ಪದರಗಳ ನಡುವೆ ಇರುವುದು ಬರೀ ಅಂಟು. ಮೇಲಿನಿಂದ ಪೆಟ್ಟು ಬಿದ್ದರೆ ಹೊರಗೆ ಮಿರಿಮಿರಿ ಮಿಂಚುತ್ತಲೇ ಒಳಗೆ ಪದರ ಬಿಡುತ್ತದೆ; ಹಾಗೆ ಬಿಟ್ಟ ಮೂತಿ ಗುದ್ದನ್ನು ನುಂಗಲಾರದು. ಹಿಂದಿನ ವಾರವಷ್ಟೇ ಇದನ್ನು ಕ್ಲಾಸಿನಲ್ಲಿ ಬರೆಸಿದ್ದೆ. ಎಲ್ಲರೂ ಬರೆದುಕೊಂಡಿದ್ದರು, ನನ್ನನ್ನು ಬಿಟ್ಟು.

ಎಲ್ಲರೂ ಊಟಕ್ಕೆ ಹೋದಮೇಲೆ ಕಳ್ಳನ ಹಾಗೆ ಬಂದು ಬಡಿದೆ. ಡಬ್. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹಪ್ಪಳ ಮುರಿದ ಸದ್ದು. ತಲೆಯೆತ್ತಿದೆ. ಅಳವಂಡಿಯ ಹುಡುಗಿ ಹೆಲ್ಮೆಟ್ ಹಿಡಿದು ನಿಂತಿದ್ದಳು.

"ಸರ, ಛಲೋ ಐತಿಲ್ರಿ?"

ಇಲ್ಲ, ನಾನೇ ಕೆಡಿಸಿದೆ ಎಂದೆ. ಇನ್ನೊಂದು ಮೂತಿ ಮಾಡಲು ಬಟ್ಟೆಯಿಲ್ಲ, ಸ್ಪರ್ಧೆಗೆ ದಿನವಿಲ್ಲ, ಅವಳಿಗೆ ಇನ್ನೊಂದು ವರ್ಷವೂ ಇಲ್ಲ. ನಾಚಿಕೆಯಿಂದ ನೆಲ ನೋಡಿದೆ. ಅವಳು ತನ್ನ ಕಾಲು ನೋಡಿಕೊಂಡಳು.

"ಹೋಗ್ಲಿ ಬಿಡ್ರಿ ಸರ, ಕಾಲಾದ್ರೂ ಉಳದಾವಲ್ರಿ," ಎಂದಳು. ಅವಳ ದನಿ ಮಾತ್ರ ಒಡೆದಿತ್ತು.

ಮರುವರ್ಷ ಬೇರೆ ಮೂತಿ, ಬೇರೆ ಹುಡುಗಿ. ಕಾಯಿಯನ್ನು ಕಲ್ಲಿಗೇ ಒಡೆದೆವು. ಕ್ಯಾಂಟೀನಿನ ಅಮ್ಮ ಮೂತಿಯನ್ನು ಅಂಗುಲ ಅಂಗುಲವಾಗಿ ಬಡಿದು, ಹ್ಞೂಂ ಹಾಕ್ರಿ ಎನ್ನುವವರೆಗೂ ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.